ಕಾಣದ ಗುರು, ಕಾಣದ ಶಿಷ್ಯ: ಮನೆಯೊಳಗಿನ ವ್ಯಾಯಾಮದ ಚರಿತ್ರೆ

ಸ್ಮರಣ ಸಂಚಿಕೆಯ ಚರಿತ್ರೆಯ ಪುಟಗಳಲ್ಲಿ ಕದಂಬರು, ಹೊಯ್ಸಳರು, ವಿಜಯನಗರದ ಅರಸರು ಬಂದು ಹೋಗುವುದು ವಾಡಿಕೆ. ಆ ಸಾಲಿನಲ್ಲಿ ವ್ಯಾಯಾಮದ ವೀಡಿಯೊವನ್ನು ತಂದು ನಿಲ್ಲಿಸಿದರೆ ಸಮ್ಮೇಳನದ ಪ್ರತಿನಿಧಿಗಳು ಹುಬ್ಬೇರಿಸಬಹುದು. ಆದರೆ ಹೊರನಾಡಿನಲ್ಲಿ ಬಾಳುವ ನಮ್ಮ ಮನೆಗಳ ನಿತ್ಯ ಜೀವನಕ್ಕೂ ಒಂದು ಚರಿತ್ರೆಯುಂಟು; ಟೆಲಿವಿಷನ್ ಪೆಟ್ಟಿಗೆಯ ಮುಂದೆ ಜಮಖಾನ ಹಾಸಿ, ಕೈಕಾಲು ಚಾಚಿ, ಪರದೆಯ ಮೇಲಿನ ಅಪರಿಚಿತ ಶಿಕ್ಷಕನನ್ನು ಅನುಸರಿಸುವುದು ಅದರ ಒಂದು ಅಧ್ಯಾಯ. ಈ ಅಧ್ಯಾಯ ಬರೆಯಲು ಫ್ರಾಂಕ್‌ಫರ್ಟಿಗಿಂತ ತಕ್ಕ ಊರು ನನಗೆ ಕಾಣದು. ನಾನು ಇಲ್ಲಿ ನೆಲೆಸಿ ಮೂರು ದಶಕಗಳು ಮೀರಿದವು. ಮನೆಯೊಳಗಿನ ವ್ಯಾಯಾಮವೆಂಬ ಕಲ್ಪನೆ ಮುದ್ರಿತ ರೂಪದಲ್ಲಿ ಪ್ರಬಲವಾಗಿ ಬೆಳೆದದ್ದು ಜರ್ಮನ್ ನೆಲದಲ್ಲಿ. ಅದಕ್ಕೆ ಆಸನಗಳ ಹೊಸ ಒಡಲನ್ನು ಕೊಟ್ಟದ್ದು ನಮ್ಮ ಮೈಸೂರು ಸಂಸ್ಥಾನ. ಇವೆರಡೂ ಧಾರೆಗಳು ನನ್ನ ಮನೆಯ ಪಡಸಾಲೆಯಲ್ಲಿ ಕೂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ವೀಡಿಯೊ ಆರಿಸುವುದು ಹೇಗೆ ಎಂದು ನಮ್ಮ ಬಳಗದಲ್ಲಿ ಕೇಳುವವರು ಬಹಳ. ಬೆಲೆ, ಅವಧಿ, ಸಂಗೀತ, ಶಿಕ್ಷಕರ ಹೆಸರು ಇವನ್ನೇ ವಿಚಾರಿಸುತ್ತಾರೆ. ಚರಿತ್ರೆಯನ್ನು ಹಿಂದಿರುಗಿ ನೋಡಿದರೆ ಮುಖ್ಯ ಪ್ರಶ್ನೆ ಬೇರೆಯೇ ಇದೆ: ನನ್ನನ್ನು ಕಾಣಲಾರದ ಗುರು ನನಗೆ ಹೇಗೆ ಕಲಿಸಬಲ್ಲ? ನೂರೈವತ್ತು ವರ್ಷಗಳಿಗೂ ಮಿಗಿಲಾಗಿ ಪುಸ್ತಕ, ಅಂಚೆ, ಚಲನಚಿತ್ರ, ಟೆಲಿವಿಷನ್, ಕ್ಯಾಸೆಟ್ಟುಗಳು ಈ ಒಂದೇ ಪ್ರಶ್ನೆಗೆ ಉತ್ತರ ಹುಡುಕಿವೆ.

ಗರಡಿಮನೆಯಿಂದ ಕೋಣೆಗೆ

ನಮ್ಮ ಗರಡಿಮನೆಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಮಟ್ಟಿಯ ಕೆಂಪುಮಣ್ಣಿನಲ್ಲಿ ಹುಡುಗನು ದಂಡೆ, ಬಸ್ಕಿ ಹೊಡೆಯುವಾಗ ಉಸ್ತಾದರ ಕಣ್ಣು ಅವನ ಬೆನ್ನಿನ ಮೇಲಿರುತ್ತಿತ್ತು. ಸೊಂಟ ಕುಸಿದರೆ ಒಂದು ಗದರಿಕೆ, ಉಸಿರು ಕಟ್ಟಿದರೆ ಒಂದು ಬಿಡುವು. ಜರ್ಮನಿಯಲ್ಲಿಯೂ ಮೊದಲು ಹೀಗೆಯೇ ಇತ್ತು. 1811ರಲ್ಲಿ ಫ್ರೀಡ್ರಿಶ್ ಲುಡ್ವಿಗ್ ಯಾನ್ ಬರ್ಲಿನ್ನಿನ ಹಾಸೆನ್‌ಹೈಡೆ ಬಯಲಿನಲ್ಲಿ ತೆರೆದ ವ್ಯಾಯಾಮ ಶಾಲೆಯಿಂದ ಹಬ್ಬಿದ 'ಟುರ್ನೆನ್' ಚಳವಳಿ ಸಾಮೂಹಿಕವಾದದ್ದು. ಅದು ರಾಷ್ಟ್ರೀಯ ಭಾವನೆಯೊಡನೆ ಬೆರೆತಿದ್ದರಿಂದ ಪ್ರಷ್ಯದ ಅರಸೊತ್ತಿಗೆ 1820ರಿಂದ 1842ರವರೆಗೆ ಅದನ್ನು ನಿಷೇಧಿಸಿಯೂ ಇತ್ತು. ಫ್ರಾಂಕ್‌ಫರ್ಟ್ ಈ ಸಾಮೂಹಿಕ ವ್ಯಾಯಾಮದ ರಾಜಧಾನಿಗಳಲ್ಲೊಂದು. ಇಲ್ಲಿನ ಹಳೆಯ ಸಂಘವೊಂದು ತನ್ನ ಹೆಸರಿನಲ್ಲಿಯೇ 1860ನೆಯ ಇಸವಿಯನ್ನು ಹೊತ್ತಿದೆ. 1880, 1908, 1948, 1983 ಮತ್ತು 2009ರಲ್ಲಿ ದೇಶದ ಮಹಾ ವ್ಯಾಯಾಮೋತ್ಸವಗಳು ಇಲ್ಲಿ ನಡೆದವು. 1925ರಲ್ಲಿ ಕಾರ್ಮಿಕರ ಒಲಿಂಪಿಕ್ ಕೂಟವೂ ಈ ಊರಿನ ಕಾಡಿನಂಚಿನ ಕ್ರೀಡಾಂಗಣದಲ್ಲಿಯೇ ಜರುಗಿತು. ಇಂದಿಗೂ ಜರ್ಮನ್ ವ್ಯಾಯಾಮ ಒಕ್ಕೂಟದ ಮತ್ತು ಒಲಿಂಪಿಕ್ ಕ್ರೀಡಾ ಒಕ್ಕೂಟದ ಕೇಂದ್ರ ಕಛೇರಿಗಳು ಇಲ್ಲಿಯೇ ಇವೆ.

ಹೀಗಿರುವಲ್ಲಿ ವ್ಯಾಯಾಮವು ಬಯಲನ್ನು ಬಿಟ್ಟು ಕೋಣೆಯೊಳಗೆ ಹೊಕ್ಕದ್ದು ಯಾವಾಗ? ಇದಕ್ಕೆ ಖಚಿತವಾದ ಒಂದು ಮೈಲಿಗಲ್ಲು 1855. ಆ ವರ್ಷ ಲೈಪ್‌ಜಿಗ್ ನಗರದ ವೈದ್ಯ ಮೋರಿಟ್ಸ್ ಶ್ರೇಬರ್ 'ವೈದ್ಯಕೀಯ ಕೋಣೆವ್ಯಾಯಾಮ' ಎಂಬರ್ಥದ ಹೆಸರಿನ ಸಚಿತ್ರ ಪುಸ್ತಕವನ್ನು ಪ್ರಕಟಿಸಿದ. ಜರ್ಮನಿಯ ಊರಂಚುಗಳಲ್ಲಿ ಬೇಲಿ ಹಾಕಿದ ಪುಟ್ಟ ಪುಟ್ಟ ತೋಟಗಳನ್ನು ಕಂಡವರಿಗೆಲ್ಲ ಈತನ ಹೆಸರು ಪರಿಚಿತ. ಅವುಗಳಿಗೆ ಶ್ರೇಬರ್ ತೋಟಗಳೆಂದೇ ಹೆಸರು. ಈತ ಕಠೋರ ಶಿಸ್ತಿನ ಮನುಷ್ಯ. ಮಕ್ಕಳ ಬೆನ್ನು ನೆಟ್ಟಗಿರಲೆಂದು ಪಟ್ಟಿ, ಸಲಾಕೆಗಳ ಸಾಧನಗಳನ್ನು ಕಟ್ಟಿಸಿದ್ದವನು. ಆದರೆ ಅವನ ಕೋಣೆವ್ಯಾಯಾಮದ ಪುಸ್ತಕ ಮತ್ತೆ ಮತ್ತೆ ಮುದ್ರಣಗೊಂಡು ಅನೇಕ ಭಾಷೆಗಳಿಗೆ ಹೋಯಿತು. ಅದರ ಉದ್ದನೆಯ ಉಪಶೀರ್ಷಿಕೆಯಲ್ಲಿಯೇ ಗ್ರಂಥಕರ್ತನ ವಾಗ್ದಾನವಿದೆ: ಉಪಕರಣವಿಲ್ಲದೆ, ಸಹಾಯಕರಿಲ್ಲದೆ, ಯಾವಾಗಲೂ ಎಲ್ಲಿಯೂ, ಎಲ್ಲ ವಯಸ್ಸಿನ ಸ್ತ್ರೀಪುರುಷರೂ ಮಾಡಬಹುದಾದ ಚಲನೆಗಳು ಎಂದು. 'ಸಹಾಯಕರಿಲ್ಲದೆ' ಎಂಬ ಆ ಒಂದು ಪದದಲ್ಲಿ ಉಸ್ತಾದರು ಕೋಣೆಯಿಂದ ಹೊರನಡೆದರು. ಇಂದು ಮಾರಾಟಕ್ಕಿರುವ ಪ್ರತಿಯೊಂದು ವ್ಯಾಯಾಮದ ವೀಡಿಯೊ ಕೂಡ ಅದೇ ವಾಗ್ದಾನವನ್ನು ಬೇರೆ ಬೇರೆ ಮಾತಿನಲ್ಲಿ ನೀಡುತ್ತಿದೆ.

ಅರ್ಧ ಶತಮಾನದ ಮೇಲೆ, 1904ರಲ್ಲಿ, ಡೆನ್ಮಾರ್ಕಿನ ಯೋರ್ಗೆನ್ ಪೇಟರ್ ಮ್ಯುಲ್ಲರ್ ದಿನಕ್ಕೆ 15 ನಿಮಿಷ ಸಾಕೆಂದು ಸಾರುವ ತನ್ನ ಪದ್ಧತಿಯನ್ನು ಪುಸ್ತಕವಾಗಿಸಿದ. ಪ್ರಾಗ್ ನಗರದಲ್ಲಿ ಕಥೆಗಾರ ಕಾಫ್ಕಾ ತೆರೆದ ಕಿಟಕಿಯ ಮುಂದೆ ಮಾಡುತ್ತಿದ್ದ ವ್ಯಾಯಾಮ ಇದೇ. 'ದಿನಕ್ಕೆ ಹದಿನೈದೇ ನಿಮಿಷ' ಎಂಬ ಘೋಷಣೆ ಇಂದಿನ ಪರದೆಗಳ ಮೇಲೆ ಹೊಳೆಯುವಾಗ ಅದು ಹೊಸತೆಂದು ಬಗೆಯಬೇಕಾಗಿಲ್ಲ. ಅದಕ್ಕೆ ನೂರು ವರ್ಷ ದಾಟಿದೆ.

ಅಂಚೆಯಲ್ಲಿ ಬಂದ ಅಂಗಸಾಧನೆ

ಪುಸ್ತಕವು ಗುರುವನ್ನು ಕಣ್ಮರೆಯಾಗಿಸಿದರೆ, ಅಂಚೆಯು ಅವನನ್ನು ಅರ್ಧ ಮರಳಿಸಿತು. ಪ್ರಷ್ಯದ ಕೊನಿಗ್ಸ್‌ಬರ್ಗಿನಲ್ಲಿ 1867ರಲ್ಲಿ ಹುಟ್ಟಿದ ಯೂಜೆನ್ ಸ್ಯಾಂಡೋ ಈ ಕಥೆಯ ದೊಡ್ಡ ಪಾತ್ರ. 1894ರಲ್ಲಿ ಎಡಿಸನ್ನನ ಕಂಪೆನಿ ತನ್ನ ಚಲಚ್ಚಿತ್ರ ಯಂತ್ರದ ಮುಂದೆ ಈತನನ್ನು ನಿಲ್ಲಿಸಿ ಅವನ ಮಾಂಸಖಂಡಗಳ ಕುಣಿತವನ್ನು ಸೆರೆಹಿಡಿಯಿತು. ಅಂದರೆ ಚಲನಚಿತ್ರವು ಕಣ್ಣು ತೆರೆದ ಕೆಲವೇ ದಿನಗಳಲ್ಲಿ ನೋಡಿದ್ದು ಒಬ್ಬ ವ್ಯಾಯಾಮಪಟುವನ್ನು. ಆದರೆ ಆ ಚಿತ್ರ ನೋಡುವುದಕ್ಕೆ ಮಾತ್ರ, ಕಲಿಯುವುದಕ್ಕಲ್ಲ. ಕಲಿಸಲು ಸ್ಯಾಂಡೋ ಪುಸ್ತಕ ಬರೆದ, ಸ್ಪ್ರಿಂಗಿನ ಡಂಬೆಲ್ ಮಾರಿದ, ಅಂಚೆಯ ಮೂಲಕ ಪಾಠ ಹೇಳಿದ. 1904-05ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟ. ಸೂರ್ಯನಮಸ್ಕಾರವನ್ನು ಆಧುನಿಕ ವ್ಯಾಯಾಮವಾಗಿ ದೇಶಾದ್ಯಂತ ಹರಡಿದ ಔಂಧ್ ಸಂಸ್ಥಾನದ ಅರಸ ಭವಾನರಾವ್ ಪಂತ ಪ್ರತಿನಿಧಿ ಮೊದಲು ಸ್ಯಾಂಡೋ ಪದ್ಧತಿಯಲ್ಲಿ ಪಳಗಿದ್ದವರು ಎಂಬುದು ಗಮನಾರ್ಹ.

ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಹೆಸರು ಇಲ್ಲಿ ಬರುತ್ತದೆ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವೆಂದು, ಕೈಲಾಸಂ ಅವರ ಆಪ್ತರೆಂದು ನಾವು ಬಲ್ಲ ಕೆ.ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಸ್ ವ್ಯಾಯಾಮ ಶಾಲೆಯನ್ನು ನಡೆಸಿದವರು. ಅದರೊಡನೆ ಅಂಚೆಯ ಮೂಲಕ ಅಂಗಸಾಧನೆ ಕಲಿಸುವ ಶಾಲೆಯನ್ನೂ ನಡೆಸಿದರು. 1930ರಲ್ಲಿ ಮಾಂಸಖಂಡಗಳ ಸಾಧನೆಯನ್ನು ಕುರಿತು, 1937ರಲ್ಲಿ ಸೂರ್ಯನಮಸ್ಕಾರವನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕಗಳನ್ನು ಬರೆದರು. ಪಶ್ಚಿಮದ ಅಂಗಸಾಧನೆ ಮತ್ತು ನಮ್ಮ ಹಠಯೋಗ ಎರಡನ್ನೂ ಒಂದೇ ದೇಹದಲ್ಲಿ ಹೊಂದಿಸಬಹುದೆಂಬುದು ಅವರ ನಿಲುವು. ಅವರೊಡನೆ ಪ್ರಾತ್ಯಕ್ಷಿಕೆಗಳಲ್ಲಿ ಭಾಗಿಯಾಗುತ್ತಿದ್ದ ಬೆಂಗಳೂರಿನ ಸುಂದರಂ ಅವರು 1928ರಲ್ಲಿಯೇ ಯೋಗದ ದೇಹಶಿಕ್ಷಣವನ್ನು ಕುರಿತ ಸಚಿತ್ರ ಇಂಗ್ಲಿಷ್ ಪುಸ್ತಕವನ್ನು ಹೊರತಂದಿದ್ದರು.

ಅಂಚೆಯ ಪಾಠಕ್ಕೂ ಪುಸ್ತಕಕ್ಕೂ ಇರುವ ಅಂತರವನ್ನು ನಾವು ಗಮನಿಸಬೇಕು. ಪುಸ್ತಕ ಒಮ್ಮುಖ, ಕಾಗದಕ್ಕೆ ಎರಡು ಮುಖ. ದೂರದ ಶಿಷ್ಯನು ತನ್ನ ಸ್ಥಿತಿಗತಿಯನ್ನು ಬರೆದು ತಿಳಿಸಬಹುದು. ಗುರುವು ಅದನ್ನು ಓದಿ, ಇದು ನಿನಗೆ ಬೇಕು, ಇದು ಬೇಡ ಎಂದು ಮರುಟಪಾಲಿನಲ್ಲಿ ಹೇಳಬಹುದು. ಆ ಉತ್ತರ ವಾರಗಟ್ಟಲೆ ತಡವಾದರೂ ಅದರಲ್ಲೊಂದು ಬಗೆಯ ನೋಟವಿತ್ತು. ಮುಂದಿನ ತಂತ್ರಜ್ಞಾನಗಳು ವೇಗವಾಗಿ ಬಂದವು, ಬಣ್ಣಬಣ್ಣವಾಗಿ ಬಂದವು. ಆದರೆ ಈ ಎರಡನೆಯ ಮುಖವನ್ನು ಬಹುಕಾಲ ಕಳೆದುಕೊಂಡೇ ಬಂದವು.

ಮೈಸೂರಿನ ಕಣ್ಣು

1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ಆರಂಭವಾಯಿತು. ಮರುವರ್ಷವೇ ಅವರ 'ಯೋಗಮಕರಂದ' ಕನ್ನಡದಲ್ಲಿ ಛಾಯಾಚಿತ್ರಗಳೊಡನೆ ಹೊರಬಂತು. ಜಗತ್ತಿನ ಯೋಗದ ಇಂದಿನ ರೂಪವನ್ನು ತಿದ್ದಿದ ಗ್ರಂಥಗಳಲ್ಲೊಂದು ಮೊದಲು ಓದಿಸಿಕೊಂಡದ್ದು ನಮ್ಮ ನುಡಿಯಲ್ಲಿ. 1938ರಲ್ಲಿ ಕೃಷ್ಣಮಾಚಾರ್ಯರೂ ಅವರ ಮನೆಯವರೂ ಯುವಕ ಬಿ.ಕೆ.ಎಸ್. ಅಯ್ಯಂಗಾರರೂ ಆಸನಗಳನ್ನು ಮಾಡುವ ಮೂಕಚಿತ್ರವೊಂದು ತಯಾರಾಯಿತು. ಇಂದು ಅದನ್ನು ನೋಡಿದರೆ, ನಾವು ಮನೆಯ ಪರದೆಯ ಮೇಲೆ ಕಾಣುವ ಯೋಗದ ವೀಡಿಯೊಗಳ ತಾತನ ಭಾವಚಿತ್ರದ ಮುಂದೆ ನಿಂತಂತಾಗುತ್ತದೆ. 2012ರಲ್ಲಿ ಜರ್ಮನ್ ನಿರ್ದೇಶಕ ಯಾನ್ ಶ್ಮಿಟ್-ಗಾರ್ರೆ ಈ ಪರಂಪರೆಯ ಮೂಲವನ್ನು ಹುಡುಕುತ್ತ ಮೈಸೂರು, ಪುಣೆಗಳಿಗೆ ಹೋಗಿ ತೆಗೆದ ಸಾಕ್ಷ್ಯಚಿತ್ರವು ಜರ್ಮನಿಯ ಚಿತ್ರಮಂದಿರಗಳಲ್ಲಿಯೂ ತೆರೆಕಂಡಿತು.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಅಯ್ಯಂಗಾರರು 1966ರಲ್ಲಿ ಸುಮಾರು 600 ಛಾಯಾಚಿತ್ರಗಳಿರುವ ಮಹಾಗ್ರಂಥವನ್ನು ಪ್ರಕಟಿಸಿದರು. ಹಾಸನದ ಬಳಿಯ ಕೌಶಿಕದಲ್ಲಿ 1915ರಲ್ಲಿ ಹುಟ್ಟಿದ ಪಟ್ಟಾಭಿ ಜೋಯಿಸರು ಮೈಸೂರಿನಲ್ಲಿ ಪಾಠ ಹೇಳುತ್ತ 1962ರಲ್ಲಿ 'ಯೋಗಮಾಲಾ'ವನ್ನು ಕನ್ನಡದಲ್ಲಿ ಪ್ರಕಟಿಸಿದರು. 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲೀಸೆಬೆತ್ ಅವರಲ್ಲಿ ಕಲಿತು ಹೋದ ಮೇಲೆ ಯೂರೋಪಿನ ಸಾಧಕರು ಮೈಸೂರಿನ ಹಾದಿ ಹಿಡಿದರು. 1990ರ ದಶಕದಲ್ಲಿ ಜೋಯಿಸರು ಎಣಿಕೆ ಹೇಳಿ ಅಮೆರಿಕದ ಶಿಷ್ಯರಿಂದ ಆಸನಗಳನ್ನು ಮಾಡಿಸುವ ವೀಡಿಯೊ ಕೂಡ ಬಂತು.

ಇಲ್ಲಿ ಒಂದು ಸೂಕ್ಷ್ಮವಿದೆ. ಜೋಯಿಸರ ಪದ್ಧತಿಯಲ್ಲಿ ಎರಡು ಬಗೆಯ ಪಾಠಗಳು. ಒಂದರಲ್ಲಿ ಗುರುವು ಸಂಸ್ಕೃತದಲ್ಲಿ ಎಣಿಸುತ್ತಾನೆ, ಎಲ್ಲರೂ ಒಟ್ಟಿಗೆ ಮಾಡುತ್ತಾರೆ. ಇನ್ನೊಂದರಲ್ಲಿ ಎಣಿಕೆಯಿಲ್ಲ, ಪ್ರತಿಯೊಬ್ಬರೂ ತಮ್ಮ ತಮ್ಮ ಉಸಿರಿನ ಗತಿಗೆ, ತಮಗೆ ಕಲಿಸಿದಷ್ಟನ್ನು ಮಾಡುತ್ತಿರುತ್ತಾರೆ, ಗುರುವು ಮೌನವಾಗಿ ನಡುವೆ ಓಡಾಡುತ್ತ ಒಬ್ಬೊಬ್ಬರನ್ನೇ ನೋಡಿ ತಿದ್ದುತ್ತಾನೆ. ಮೊದಲನೆಯದು ಕ್ಯಾಸೆಟ್ಟಿನಲ್ಲಿ ಸಲೀಸಾಗಿ ಕೂರುತ್ತದೆ. ಎರಡನೆಯದನ್ನು ಯಾವ ಕ್ಯಾಸೆಟ್ಟಿನಲ್ಲಿಯೂ ತುಂಬಲಾಗದು, ಏಕೆಂದರೆ ಅಲ್ಲಿ ಪಾಠವೆಂದರೆ ಗುರುವಿನ ನೋಟವೇ. ಜಗತ್ತು ಈ ಎರಡನೆಯ ಬಗೆಗೆ ಇಟ್ಟಿರುವ ಹೆಸರು 'ಮೈಸೂರು ಶೈಲಿ'. ಫ್ರಾಂಕ್‌ಫರ್ಟಿನ ಯೋಗಶಾಲೆಗಳ ವೇಳಾಪಟ್ಟಿಯಲ್ಲಿ ಆ ಹೆಸರನ್ನು ಓದಿದಾಗಲೆಲ್ಲ ನನಗೆ ಅನಿಸುವುದಿಷ್ಟು: ವೀಡಿಯೊದಲ್ಲಿ ಯಾವುದು ಸಿಕ್ಕುವುದಿಲ್ಲವೋ ಅದಕ್ಕೆ ಲೋಕವು ನಮ್ಮ ಊರಿನ ಹೆಸರನ್ನೇ ಇಟ್ಟಿದೆ.

ಒಂದೇ ಊರು, ಎರಡು ಟೆಲಿವಿಷನ್

ಟೆಲಿವಿಷನ್ ಬಂದ ಮೇಲೆ ಗುರುವು ಮನೆಯೊಳಗೆ ಮಾತನಾಡತೊಡಗಿದ. ಅಮೆರಿಕದಲ್ಲಿ ಜಾಕ್ ಲಲೇನ್ 1951ರಲ್ಲಿಯೇ ಕುರ್ಚಿಯೊಂದನ್ನು ಮುಂದಿಟ್ಟುಕೊಂಡು ಗೃಹಿಣಿಯರಿಗೆ ವ್ಯಾಯಾಮ ಹೇಳಿಕೊಡಲು ಆರಂಭಿಸಿದ್ದ. ಜರ್ಮನಿಯಲ್ಲಿ 1970ರಲ್ಲಿ, ಫ್ರಾಂಕ್‌ಫರ್ಟಿನಲ್ಲಿ ಕಛೇರಿಯಿದ್ದ ಅಂದಿನ ಜರ್ಮನ್ ಕ್ರೀಡಾ ಒಕ್ಕೂಟವು 'ಟ್ರಿಮ್ ಡಿಶ್' ಎಂಬ ಜನಾಂದೋಲನವನ್ನು ಹೂಡಿತು. ಯುದ್ಧಾನಂತರದ ಸಮೃದ್ಧಿಯಿಂದ ಹೊಟ್ಟೆ ಬಂದ ನಾಡನ್ನು ಎಬ್ಬಿಸಿ ಓಡಿಸುವುದು ಅದರ ಗುರಿ. ಅದೇ ದಶಕದಲ್ಲಿ ನೆರೆಯ ಮೈಂಜ್ ನಗರದ ಝಡ್.ಡಿ.ಎಫ್. ವಾಹಿನಿಯಲ್ಲಿ ಜರ್ಮನ್ ಮೂಲದ ಕೆನಡಾ ಮಹಿಳೆ ಕರೀನ್ ಝೆಬ್ರಾಫ್ ಯೋಗವನ್ನು ಕಲಿಸಿದರು. ನಮ್ಮ ದೂರದರ್ಶನದಲ್ಲಿಯೂ ಧೀರೇಂದ್ರ ಬ್ರಹ್ಮಚಾರಿಯವರ ಯೋಗ ಕಾರ್ಯಕ್ರಮವಿದ್ದುದು ಅನೇಕರಿಗೆ ನೆನಪಿರಬಹುದು. 1983ರಲ್ಲಿ ಝಡ್.ಡಿ.ಎಫ್. ಏರೋಬಿಕ್ಸನ್ನೂ ತಂದಿತು.

ಟೆಲಿವಿಷನ್ನಿನ ಗುರುವಿಗೆ ವೇಳೆ ನಿಗದಿ. ಶಿಷ್ಯನು ಅವನ ವೇಳೆಗೆ ಕಾಯಬೇಕು. 1976ರಲ್ಲಿ ಜಪಾನಿನ ಜೆ.ವಿ.ಸಿ. ಸಂಸ್ಥೆ ತಂದ ವಿ.ಎಚ್.ಎಸ್. ಕ್ಯಾಸೆಟ್ ಈ ಕಟ್ಟನ್ನು ಬಿಡಿಸಿತು. 1982ರ ಏಪ್ರಿಲಿನಲ್ಲಿ ನಟಿ ಜೇನ್ ಫೊಂಡಾ ಅವರ ವ್ಯಾಯಾಮದ ವೀಡಿಯೊ ಹೊರಬಂದು, ಮುಂದೆ ಅವರ ಸರಣಿಯ ಕ್ಯಾಸೆಟ್ಟುಗಳು ಒಟ್ಟು 1 ಕೋಟಿ 70 ಲಕ್ಷದಷ್ಟು ಮಾರಾಟವಾದವು. ಇದಕ್ಕೆ ಕಾರಣ ಸರಳ. ಸಿನಿಮಾ ಕ್ಯಾಸೆಟ್ಟನ್ನು ಬಾಡಿಗೆಗೆ ತಂದು ಒಮ್ಮೆ ನೋಡಿದರೆ ಸಾಕು. ವ್ಯಾಯಾಮದ ಕ್ಯಾಸೆಟ್ಟು ದಿನವೂ ಬೇಕು, ಹೀಗಾಗಿ ಕೊಂಡೇ ತರಬೇಕು.

ಫ್ರಾಂಕ್‌ಫರ್ಟಿನಲ್ಲಿ ಕ್ಯಾಸೆಟ್ ಆರಿಸುವವರಿಗೆ ವಿಚಿತ್ರವಾದ ತೊಡಕೊಂದಿತ್ತು. ಜರ್ಮನಿಯ ಟೆಲಿವಿಷನ್ 'ಪಾಲ್' ಪದ್ಧತಿಯದು, 625 ಗೆರೆಗಳದ್ದು. ಅದನ್ನು ರೂಪಿಸಿದವನು ಹ್ಯಾನೋವರಿನ ವಾಲ್ಟರ್ ಬ್ರೂಖ್. ಅಮೆರಿಕದ್ದು 'ಎನ್.ಟಿ.ಎಸ್.ಸಿ.', 525 ಗೆರೆಗಳದ್ದು. 1990ರ ದಶಕದ ನಡುಗಾಲದವರೆಗೂ ಅಮೆರಿಕದ ಸೇನೆಯ ಐದನೆಯ ದಳದ ಕೇಂದ್ರ ಈ ಊರಿನಲ್ಲಿತ್ತು. ಸೈನಿಕರ ಕುಟುಂಬಗಳು ತಮ್ಮ ಪದ್ಧತಿಯ ಟೆಲಿವಿಷನ್ನುಗಳಲ್ಲಿ ತಮ್ಮದೇ ವಾಹಿನಿಯನ್ನು ನೋಡುತ್ತಿದ್ದವು. ಹೀಗೆ ಒಂದೇ ಬೀದಿಯ ಎರಡು ಬದಿಯಲ್ಲಿ ಒಂದು ಕ್ಯಾಸೆಟ್ ಇತ್ತ ಓಡಿದರೆ ಅತ್ತ ಓಡದು. ಮೈನ್ ನದಿಯ ದಂಡೆಯ ಶನಿವಾರದ ಹಳೆಸಾಮಾನಿನ ಸಂತೆಯಲ್ಲಿ ಅಗ್ಗವಾಗಿ ಸಿಕ್ಕ ಅಮೆರಿಕನ್ ಕ್ಯಾಸೆಟ್ಟು ಮನೆಗೆ ಬಂದರೆ ಪರದೆಯ ಮೇಲೆ ಕಪ್ಪುಬಿಳುಪಿನ ಗೆರೆಗಳು ಉರುಳುತ್ತಿದ್ದವು. ನ್ಯೂಜೆರ್ಸಿಯ ತಂಗಿ ಕಳಿಸಿದ್ದು ಇಲ್ಲಿ ನಿರುಪಯೋಗಿ. ಬೆಂಗಳೂರಿನ ಅತ್ತಿಗೆ ಕಳಿಸಿದ್ದು ಸರಾಗವಾಗಿ ಓಡುವುದು, ಏಕೆಂದರೆ ಭಾರತವೂ ಜರ್ಮನಿಯ ಪದ್ಧತಿಯನ್ನೇ ಒಪ್ಪಿತ್ತು. ಅಮೆರಿಕದಿಂದ ಬಂದ ಪ್ರತಿನಿಧಿಗಳು ಇದನ್ನು ಓದಿ ನಗಬಹುದು; ಅವರ ಮನೆಯಲ್ಲಿ ಬೆಂಗಳೂರಿನ ಮದುವೆಯ ಕ್ಯಾಸೆಟ್ಟಿಗೆ ಇದೇ ಗತಿಯಾಗಿದ್ದೀತು.

ಅಜ್ಜಿಗೆ ಮೊಮ್ಮಗಳ ಕಣ್ಣು

1996ರ ನವೆಂಬರಿನಲ್ಲಿ ನನ್ನ ತಾಯಿ ಮೂರು ತಿಂಗಳಿಗೆಂದು ನಮ್ಮಲ್ಲಿಗೆ ಬಂದರು. ಅವರಿಗೆ ಆಗ 64 ವರ್ಷ. ಸಕ್ಕರೆ ಕಾಯಿಲೆ ಹತ್ತು ವರ್ಷದ ಒಡನಾಡಿ. ಊರಿನಲ್ಲಿ ದಿನವೂ ಬೆಳಗ್ಗೆ ದೇವಸ್ಥಾನಕ್ಕೆ, ಸಂಜೆ ತರಕಾರಿಗೆ ನಡೆಯುತ್ತಿದ್ದವರು. ಇಲ್ಲಿ ಡಿಸೆಂಬರಿನ ಹಗಲು ಎಂಟೇ ಗಂಟೆ. ಕಾಲುದಾರಿಯ ಮೇಲೆ ಹಿಮ ಗಾಜಾಗಿರುತ್ತದೆ. ಜಾರಿ ಬಿದ್ದರೆಂಬ ಭಯಕ್ಕೆ ನಾವು ಅವರನ್ನು ಹೊರಗೆ ಬಿಡಲಿಲ್ಲ, ಬೇಸರಕ್ಕೆ ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಮೂರು ವಾರಗಳಲ್ಲಿ ಸಕ್ಕರೆಯ ಪ್ರಮಾಣ ಏರಿತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಹಣಕ್ಕಷ್ಟೇ ಅನ್ವಯಿಸುವುದಲ್ಲ, ದೇಹದ ಬಂಡವಾಳಕ್ಕೂ ಅನ್ವಯಿಸುತ್ತದೆ.

ಮನೆಯಲ್ಲಿ ಎರಡು ಕ್ಯಾಸೆಟ್ಟುಗಳಿದ್ದವು. ಒಂದು ಬೆಂಗಳೂರಿನಿಂದ ತಂದ ಯೋಗಾಸನದ್ದು. ದನಿ ಕನ್ನಡದ್ದು, ಸ್ಪಷ್ಟವಾದದ್ದು, ಆದರೆ ಮಾಡಿ ತೋರಿಸುವವನು ಇಪ್ಪತ್ತರ ತರುಣ. ಅವನ ತಲೆ ಸಲೀಸಾಗಿ ಮಂಡಿಗೆ ತಾಗುತ್ತಿತ್ತು. ಇನ್ನೊಂದು ಇಲ್ಲಿಯ ಅಂಗಡಿಯಲ್ಲಿ ಕೊಂಡ ಜರ್ಮನ್ ಕ್ಯಾಸೆಟ್ಟು. ಅದರಲ್ಲಿ ಮೂವರು ಸಾಲಾಗಿ ನಿಲ್ಲುತ್ತಿದ್ದರು, ಅವರಲ್ಲಿ ಒಬ್ಬಾಕೆ ವಯಸ್ಸಾದವರು, ಕುರ್ಚಿಯ ಮೇಲೆ ಕುಳಿತೇ ಎಲ್ಲವನ್ನೂ ಮಾಡುತ್ತಿದ್ದರು. ಅಮ್ಮನಿಗೆ ಒಂದರ ಮಾತು ಅರ್ಥವಾಗುತ್ತಿತ್ತು, ಇನ್ನೊಂದರ ಮೈ ಅರ್ಥವಾಗುತ್ತಿತ್ತು. ಕೊನೆಗೆ ನನ್ನ ಎಂಟು ವರ್ಷದ ಮಗಳು ಮಧ್ಯಸ್ಥಿಕೆ ವಹಿಸಿದಳು. ಟೆಲಿವಿಷನ್ನಿನ ಪಕ್ಕದಲ್ಲಿ ಅಜ್ಜಿಗೆ ಎದುರಾಗಿ ನಿಂತು ಜರ್ಮನ್ ಮಾತನ್ನು ಕನ್ನಡಕ್ಕೆ ತಿರುಗಿಸತೊಡಗಿದಳು. "ಉಸಿರು ತಗೊಳ್ಳಿ ಅಜ್ಜಿ, ಈಗ ಬಿಡಿ" ಎನ್ನುವಳು. ಬರಬರುತ್ತ ಪರದೆಯಲ್ಲಿ ಇಲ್ಲದ್ದನ್ನೂ ಹೇಳತೊಡಗಿದಳು: "ಅಜ್ಜಿ, ಭುಜ ಮೇಲೆ ಹೋಯ್ತು, ಇಳಿಸಿ", "ಅಜ್ಜಿ, ನೀವು ಉಸಿರು ಬಿಡಲೇ ಇಲ್ಲ". ಅಮ್ಮ ನಕ್ಕು, "ನಮ್ಮ ಮೇಷ್ಟ್ರು ಪೆಟ್ಟಿಗೆಯೊಳಗಿಲ್ಲ ಕಣೋ, ಪಕ್ಕದಲ್ಲಿದ್ದಾಳೆ" ಎಂದರು.

ಫೆಬ್ರವರಿಯಲ್ಲಿ ಅಮ್ಮ ಹಿಂದಿರುಗುವ ಹೊತ್ತಿಗೆ ಸಕ್ಕರೆ ಹತೋಟಿಗೆ ಬಂದಿತ್ತು. ಔಷಧಿಯ ಪಾಲು, ಪಥ್ಯದ ಪಾಲು, ವ್ಯಾಯಾಮದ ಪಾಲು ಇಂತಿಷ್ಟೆಂದು ವಿಂಗಡಿಸಲು ನಾನು ವೈದ್ಯನಲ್ಲ. ಆದರೆ ಅವರ ಮಾತಿನಲ್ಲಿ ಸತ್ಯವಿತ್ತು. ಶ್ರೇಬರನು ಬೇಡವೆಂದ 'ಸಹಾಯಕ' ಎಂಟು ವರ್ಷದ ಹುಡುಗಿಯ ರೂಪದಲ್ಲಿ ಕೋಣೆಯೊಳಗೆ ಮರಳಿ ಬಂದಿದ್ದಳು.

ಆಯ್ಕೆಯ ಅಳತೆಗೋಲು

ಇಷ್ಟು ಚರಿತ್ರೆಯಿಂದ ಒದಗುವ ವಿವೇಕವನ್ನು ಪ್ರತಿನಿಧಿಗಳ ಮುಂದಿಡುತ್ತೇನೆ. ಯಾವ ವೀಡಿಯೊ ತಾನು ಶಿಷ್ಯನನ್ನು ಕಾಣಲಾರೆನೆಂಬ ಅರಿವಿನಿಂದ ಸಿದ್ಧವಾಗಿದೆಯೋ ಅದು ಒಳ್ಳೆಯ ವೀಡಿಯೊ. ಆ ಅರಿವಿಗೆ ಗುರುತುಗಳಿವೆ. ಪರದೆಯ ಮೇಲೆ ಒಬ್ಬನೇ ನಿಪುಣನಿರದೆ, ಅದೇ ಚಲನೆಯನ್ನು ಸುಲಭಗೊಳಿಸಿ ಮಾಡುವ ಇನ್ನೊಬ್ಬರು ಇರಬೇಕು. ಮಾತು ಕೇಳಿದರೇ ಮಾಡುವಷ್ಟು ವಿವರವಾಗಿರಬೇಕು; ಇಲ್ಲವಾದರೆ ಮುಂದಕ್ಕೆ ಬಾಗಿದವರು ಪರದೆಯನ್ನು ನೋಡಲೆಂದು ಕತ್ತನ್ನು ತಿರುಚಬೇಕಾಗುತ್ತದೆ. ಆದಕಾರಣ ಹಿರಿಯರಿಗೆ ಅವರ ನುಡಿಯ ದನಿಯೇ ಉಚಿತ. ಎದುರು ನಿಂತ ಶಿಕ್ಷಕರು 'ಬಲಗೈ' ಎಂದಾಗ ನಮ್ಮ ಬಲವೋ ಅವರ ಬಲವೋ ಎಂಬ ಗೊಂದಲ ಉಳಿಯಬಾರದು. ಆರಂಭದಲ್ಲಿ ಮೈ ಕಾಯಿಸುವ ಭಾಗ, ಕೊನೆಯಲ್ಲಿ ತಣಿಸುವ ಭಾಗ ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೇಳಬೇಕು. ಎದೆನೋವು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಿ ಎನ್ನದೆ 'ಇನ್ನೂ ಒಂದು, ಇನ್ನೂ ಒಂದು' ಎಂದು ಹುರಿದುಂಬಿಸುವ ವೀಡಿಯೊವನ್ನು ದೂರವಿಡುವುದೇ ಲೇಸು.

ಜರ್ಮನಿಯಲ್ಲಿ ಮಾರುವ ಇಂಥ ಡಿ.ವಿ.ಡಿ.ಗಳ ಮೇಲೆ 'ಮಾಹಿತಿ ಕಾರ್ಯಕ್ರಮ' ಅಥವಾ 'ಬೋಧನಾ ಕಾರ್ಯಕ್ರಮ' ಎಂಬರ್ಥದ ಮುದ್ರೆ ಕಾಣುತ್ತದೆ. ಅದು ಮಕ್ಕಳು ನೋಡಲು ಅಡ್ಡಿಯಿಲ್ಲವೆಂಬ ಗುರುತೇ ಹೊರತು, ಮಂಡಿಗೆ ಅಡ್ಡಿಯಿಲ್ಲವೆಂಬ ಪ್ರಮಾಣವಲ್ಲ. ನಮ್ಮ ಮಹಡಿಮನೆಗಳ ಧರ್ಮವನ್ನೂ ಮರೆಯುವಂತಿಲ್ಲ. ಹಳೆಯ ಕಟ್ಟಡಗಳ ಮರದ ನೆಲದ ಮೇಲೆ ಜಿಗಿದರೆ ಕೆಳಗಿನ ಮನೆಯವರ ದೀಪ ಅಲುಗುತ್ತದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿಶ್ಶಬ್ದವಾಗಿರಬೇಕೆಂಬುದು ಇಲ್ಲಿಯ ನಿಯಮ. ಜಿಗಿತವಿಲ್ಲದ ವೀಡಿಯೊ ಮಂಡಿಗೂ ಹಿತ, ನೆರೆಹೊರೆಗೂ ಹಿತ.

ಇದೆಲ್ಲ ಹವ್ಯಾಸದ ಮಾತಲ್ಲ. ದಕ್ಷಿಣ ಏಷ್ಯದವರಾದ ನಮ್ಮಲ್ಲಿ ಸಕ್ಕರೆ ಕಾಯಿಲೆಯೂ ಹೃದ್ರೋಗವೂ ಇತರರಿಗಿಂತ ಕಡಿಮೆ ತೂಕದಲ್ಲಿಯೇ, ಕಡಿಮೆ ವಯಸ್ಸಿನಲ್ಲಿಯೇ ಬರುತ್ತವೆ. ಎತ್ತರಕ್ಕೂ ತೂಕಕ್ಕೂ ಇರುವ ಪ್ರಮಾಣದ ಸೂಚ್ಯಂಕವು ಸಾಮಾನ್ಯವಾಗಿ 25 ದಾಟಿದರೆ ಎಚ್ಚರವೆನ್ನುತ್ತಾರೆ; ಏಷ್ಯದವರು 23ಕ್ಕೇ ಎಚ್ಚರ ವಹಿಸುವುದು ಯುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಸೂಚಿಸಿದರು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಅದರೊಡನೆ ವಾರಕ್ಕೆ ಎರಡು ದಿನವಾದರೂ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂದು ಅದೇ ಸಂಸ್ಥೆ 2020ರಲ್ಲಿ ಹೇಳಿದೆ. ಇನ್ಸುಲಿನ್ ಪಡೆಯುವವರಲ್ಲಿ ವ್ಯಾಯಾಮದಿಂದ ಸಕ್ಕರೆ ಥಟ್ಟನೆ ಇಳಿಯಬಹುದು. ರಕ್ತದೊತ್ತಡ ಹೆಚ್ಚಿರುವವರು, ಗ್ಲಾಕೋಮ ಇರುವವರು, ಸಕ್ಕರೆಯಿಂದ ಕಣ್ಣಿನ ಒಳಪರದೆ ಕೆಟ್ಟಿರುವವರು ತಲೆಕೆಳಗಾಗುವ ಆಸನಗಳಿಗೆ ವೈದ್ಯರ ಅಪ್ಪಣೆಯಿಲ್ಲದೆ ಕೈಹಾಕಬಾರದು. ಪರದೆಯ ಗುರುವಿಗೆ ಇವಾವುದೂ ತಿಳಿಯದು.

2020ರ ಮಾರ್ಚಿಯಲ್ಲಿ ಕೊರೊನಾದಿಂದಾಗಿ ಇಲ್ಲಿಯ ವ್ಯಾಯಾಮ ಶಾಲೆಗಳೆಲ್ಲ ಬಾಗಿಲು ಹಾಕಿದವು. ನವೆಂಬರಿನಲ್ಲಿ ಮತ್ತೆ ಹಾಕಿದವು. ಆಗ ಒಂದು ಶುಭ ಬದಲಾವಣೆಯಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಬಲ್ಲ ವೀಡಿಯೊ ಕರೆಯ ಮೂಲಕ ಬೆಂಗಳೂರಿನ ಗುರುಗಳು ಫ್ರಾಂಕ್‌ಫರ್ಟಿನ ಮನೆಗಳಿಗೆ ಪಾಠ ಹೇಳತೊಡಗಿದರು. ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯ ಅಂತರ. ಅಲ್ಲಿ ಮಧ್ಯಾಹ್ನದ ಊಟದ ಸಮಯ, ಇಲ್ಲಿ ಇನ್ನೂ ಬೆಳಗಿನ ಹೊತ್ತು. ಅಯ್ಯರ್ ಅವರ ಅಂಚೆಯ ಶಾಲೆಗಿದ್ದ ಆ ಎರಡನೆಯ ಮುಖ ಹಲವು ದಶಕಗಳ ಮೇಲೆ ಮರಳಿ ದೊರೆಯಿತು. ಸಾಧ್ಯವಿರುವವರು ವಾರಕ್ಕೊಮ್ಮೆ ಇಂಥ ನೋಡುವ ಗುರುವಿನ ಮುಂದೆ ನಿಂತು, ಉಳಿದ ದಿನಗಳಲ್ಲಿ ವೀಡಿಯೊವನ್ನು ಬಳಸುವುದು ಲೇಸು. ಜರ್ಮನಿಯಲ್ಲಿರುವವರು ತಮ್ಮ ಆರೋಗ್ಯ ವಿಮಾ ಸಂಸ್ಥೆಯನ್ನೂ ವಿಚಾರಿಸಬಹುದು. ಪ್ರಮಾಣೀಕೃತ ತರಗತಿಗಳ ಶುಲ್ಕದ ಒಂದು ಪಾಲನ್ನು ಅವು ಭರಿಸುತ್ತವೆ, ಯೋಗವೂ ಅವುಗಳಲ್ಲಿ ಸೇರಿದೆ.

ಕಡೆಯದಾಗಿ ನಮ್ಮ ಸಂಘಗಳಿಗೆ ಒಂದು ವಿನಂತಿ. ಪ್ರತಿಯೊಂದು ಕನ್ನಡ ಸಂಘದಲ್ಲಿಯೂ ಒಬ್ಬಿಬ್ಬರು ವೈದ್ಯರೋ, ಅಂಗಮರ್ದನ ಚಿಕಿತ್ಸಕರೋ, ಯೋಗ ಬಲ್ಲವರೋ ಇದ್ದೇ ಇರುತ್ತಾರೆ. ಚಳಿಗಾಲ ಕಾಲಿಡುವ ಮುನ್ನ, ಊರಿನಿಂದ ಬಂದ ಹಿರಿಯರನ್ನು ಒಂದು ಶನಿವಾರ ಕಲೆಹಾಕಿ, ಅವರು ಮನೆಯಲ್ಲಿ ಯಾವ ವೀಡಿಯೊ ನೋಡಿ ಏನು ಮಾಡುತ್ತಾರೋ ಅದನ್ನು ಆ ಬಲ್ಲವರ ಎದುರಿಗೆ ಒಮ್ಮೆ ಮಾಡಿಸಲಿ. ರಾಜ್ಯೋತ್ಸವದ ಖರ್ಚಿನ ನೂರರಲ್ಲೊಂದು ಪಾಲೂ ಇದಕ್ಕೆ ಬೇಡ. ಮನೆಗಳಲ್ಲಿ ಮಕ್ಕಳು, ಮೊಮ್ಮಕ್ಕಳು ಮೊದಲ ಹತ್ತು ದಿನವಾದರೂ ಪಕ್ಕದಲ್ಲಿ ನಿಲ್ಲಲಿ. ಪೆಟ್ಟಿಗೆಯ ಗುರುವಿಗೆ ಬಾಯಿ ಇದೆ, ಕಣ್ಣಿಲ್ಲ. ಆ ಕಣ್ಣನ್ನು ನಾವು ಒದಗಿಸಿದರೆ ಹೊರನಾಡಿನ ನಮ್ಮ ಹಿರಿಯರ ಚಳಿಗಾಲಗಳು ಕುರ್ಚಿಯಲ್ಲಿ ಕಳೆದುಹೋಗುವುದು ತಪ್ಪುತ್ತದೆ. ಎರಡು ವರ್ಷಗಳ ಅನಂತರ ಮತ್ತೊಂದು ಸಮ್ಮೇಳನದಲ್ಲಿ ನಾವೆಲ್ಲ ಕಲೆತಾಗ, ಅವರೂ ನಮ್ಮೊಡನೆ ಮೆಟ್ಟಿಲು ಹತ್ತಿ ಸಭಾಂಗಣಕ್ಕೆ ಬರುವಂತಾಗಲಿ.